ದೋಸೆ ಹೆಂಚಿನ ಮೇಲೆ ಮಾಡಿದ ಫ್ಲೋರೈಡ್ ಚೀಟಿ

ಜಾಸ್ತಿಯಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಬೋರ್‌ವೆಲ್ ನೀರಿನಲ್ಲಿ ಎಷ್ಟಿದೆ ಅಂತ ನೋಡೋಕೆ ಎರಡು ರೂಪಾಯಿಯ ಕಾಗದ ಸಾಕು ಅಂದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕಿದ್ದರು. "ಎಲೆಕ್ಟ್ರೋಡ್ ಇರುವಾಗ ಈ ಮಕ್ಕಳಾಟ ಯಾಕೆ ಮೇಷ್ಟ್ರೇ?" ಫ್ಲೋರೈಡ್ ಅಳೆಯುವ ಆ ಉಪಕರಣ ಇರೋದು ಲ್ಯಾಬಿನ ಬೀರುವಿನಲ್ಲಿ, ನೀರಿರೋದು ಪಾವಗಡದ ಹಳ್ಳಿಗಳಲ್ಲಿ. ಈಗ ಅವರೇ ಬಂದು ಹತ್ತು ಚೀಟಿ ಕೊಡಿ ಅಂತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಅಲಿಜರಿನ್ ಅನ್ನೋ ಬಣ್ಣ ಜಿರ್ಕೋನಿಯಂ ಲೋಹದ ಜೊತೆ ಸೇರಿದಾಗ ಕೆಂಪು; ಫ್ಲೋರೈಡ್ ಬಂದು ಜಿರ್ಕೋನಿಯಂ ಎಳೆದುಕೊಂಡರೆ ಹಳದಿಗೆ ತಿರುಗುತ್ತದೆ. ಅದನ್ನು ವಾಟ್‌ಮನ್ ಒಂದನೇ ನಂಬರ್ ಅನ್ನೋ ಲ್ಯಾಬಿನ ಸೋಸು ಕಾಗದಕ್ಕೆ ಇಳಿಸೋದೇ ಕಷ್ಟ. ಹಾರ್ವರ್ಡ್‌ನ ವೈಟ್‌ಸೈಡ್ಸ್ ತಂಡ 2009ರಲ್ಲಿ ಮೇಣದ ಇಂಕಿನ ಪ್ರಿಂಟರ್‌ನಲ್ಲಿ ಕಾಗದದ ಮೇಲೆ ಮೇಣದ ಗೋಡೆ ಕಟ್ಟಿ ನೀರು ಹರಿಯುವ ಕಾಲುವೆ ಎಳೆದಿತ್ತು. ಆ ಪ್ರಿಂಟರ್ ನನಗೆಲ್ಲಿ ಸಿಗಬೇಕು? ಲೇತ್ ಅಂಗಡಿಯಲ್ಲಿ ಹಿತ್ತಾಳೆ ಅಚ್ಚು ಮಾಡಿಸಿದೆ, ಸುಮಾರು 900 ರೂಪಾಯಿ. ನಡುವೆ ಒಂದು ಹನಿ ಬಿಡುವ ಜಾಗ, ಸುತ್ತ ನಾಲ್ಕು ಚುಕ್ಕಿ, ಥೇಟ್ ಸಣ್ಣ ರಂಗೋಲಿ. ಬಿಸಿ ಅಚ್ಚನ್ನು ಮೇಣದಲ್ಲಿ ಅದ್ದಿ ಕಾಗದಕ್ಕೆ ಒತ್ತಿ, ದೋಸೆ ಹೆಂಚಿನ ಮೇಲೆ ಎರಡು ನಿಮಿಷ. ಹೆಂಚು ಸ್ವಲ್ಪ ಜಾಸ್ತಿ ಕಾದರೂ ಮೇಣ ಹರಡಿ ಕಾಲುವೆ ಮುಚ್ಚಿಹೋಗುತ್ತದೆ. ಮೊದಲ ಇನ್ನೂರು ಹಾಗೇ ಕಸದ ಬುಟ್ಟಿಗೆ ಹೋದವು.

ಆಮೇಲೆ ಆಸಿಡ್ ಕಾಟ. ಈ ಬಣ್ಣ ಕೆಲಸ ಮಾಡೋಕೆ ಆಸಿಡ್ ಬೇಕು. ಹೈಡ್ರೋಕ್ಲೋರಿಕ್ ಹಾಕಿದರೆ ರಾತ್ರಿ ಕಳೆಯೋದರೊಳಗೆ ಅದು ಹಾರಿಹೋಗುತ್ತದೆ, ಕಾಗದ ಹಪ್ಪಳದ ಹಾಗೆ ಮುರಿಯುತ್ತದೆ. ಆಸಿಡ್ ಸಾಲದಿದ್ದರೆ ಆಸಿಡ್ ನುಂಗುವ ಬೈಕಾರ್ಬೊನೇಟ್ ಇರುವ ನಮ್ಮ ಕಡೆಯ ನೀರು ಚುಕ್ಕಿಯನ್ನು ಹಳದಿಯಾಗೋಕೆ ಬಿಡೋದೇ ಇಲ್ಲ. ಜಾಣತನ ಮಾಡಿ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಹಾಕಿದೆ. ಅದರ ಸಿಟ್ರೇಟ್ ತಾನೇ ಜಿರ್ಕೋನಿಯಂ ಹಿಡಿದುಕೊಂಡಿತು, ಬರೀ ಡಿಸ್ಟಿಲ್ಡ್ ವಾಟರಿಗೂ ಎಲ್ಲ ಚುಕ್ಕಿ ಹಳದಿ! ಕೊನೆಗೆ ಹಾರಿಹೋಗದ ಒಂದು ಪುಡಿ ಆಸಿಡ್ ಸಿಕ್ಕಿತು. ಯಾವುದು ಅಂತ ಕೇಳಬೇಡಿ. ಬಣ್ಣ ಅಂಚಿಗೆ ಓಡಿ ಕಾಫಿ ಕಲೆಯ ಹಾಗೆ ಉಂಗುರ ಆಗೋದನ್ನು ನಿಲ್ಲಿಸಿದ್ದು ಅಡಿಗೆಮನೆಯ ಒಂದು ಡಬ್ಬ. ಅದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮೊಬೈಲ್ ಕ್ಯಾಮೆರಾದಲ್ಲಿ ಬಣ್ಣ ಅಳೆಯೋಕೆ ಹೋಗಿ ಮೂರು ತಿಂಗಳು ಸುಮ್ನೆ ಹಾಳು. ಒಂದೊಂದು ಫೋನ್ ಒಂದೊಂದು ಬಣ್ಣ ಹೇಳುತ್ತದೆ. ಅದನ್ನು ಬಿಟ್ಟು, ನಾಲ್ಕು ಚುಕ್ಕಿಗೆ ಜಿರ್ಕೋನಿಯಂ ಬೇರೆ ಬೇರೆ ಪ್ರಮಾಣದಲ್ಲಿ ಹಾಕಿದೆ. ಎಷ್ಟು ಚುಕ್ಕಿ ಹಳದಿ ಅಂತ ಎಣಿಸಿದರೆ ಆಯ್ತು. ಎರಡನೇ ಚುಕ್ಕಿಯನ್ನು ಲೀಟರಿಗೆ 1 ಮಿಲಿಗ್ರಾಂಗೆ, ಮೂರನೆಯದನ್ನು 1.5ಕ್ಕೆ ಇಟ್ಟಿದ್ದೇನೆ, ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹಾಕಿರುವ ಎರಡು ಮಿತಿಗಳೂ ಅವೇ ಅಲ್ವಾ. ನಲ್ಲಿ ಹತ್ತಿರ ಒಬ್ಬ ಅಜ್ಜಿ ನೋಡಿ, "ಮೂರು ಅರಿಶಿನ ಆಗೈತೆ ಕಣಪ್ಪ" ಅಂದರು. ಎಲೆಕ್ಟ್ರೋಡ್‌ನಲ್ಲಿ ನೋಡಿದರೆ 1.8.

ನಲವತ್ತು ಚಿಲ್ಲರೆ ಸ್ಯಾಂಪಲ್‌ಗಳಲ್ಲಿ ತಪ್ಪಿದ್ದು ಮೂರು. ಅದರಲ್ಲಿ ಎರಡು ಮನೆಯಲ್ಲಿ ಕೊಡಕ್ಕೆ ಪಟಿಕ ಹಾಕಿದ್ದರು. ಅಲ್ಯೂಮಿನಿಯಂ ಫ್ಲೋರೈಡನ್ನು ಕಟ್ಟಿಹಾಕಿ ಲೆಕ್ಕ ಕಮ್ಮಿ ತೋರಿಸಿತು. ಮೂರನೆಯದು ಯಾಕೆ ತಪ್ಪಿತೋ, ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದೇನೆ. ಮಧ್ಯೆ ಟೀ ಡಿಕಾಕ್ಷನ್ನೂ ಬಿಟ್ಟು ನೋಡಿದೆ, ಟೀಯಲ್ಲೂ ಫ್ಲೋರೈಡ್ ಇರುತ್ತಲ್ಲ. ಚುಕ್ಕಿ ಎಲ್ಲಾ ಕಂದು, ಏನೂ ಕಾಣಲಿಲ್ಲ.

ಕಾಗದ, ಕೆಮಿಕಲ್, ಅಚ್ಚು ಎಲ್ಲಾ ಸೇರಿ ಆರೇಳು ಸಾವಿರ ಆಗಿರಬಹುದು. ಹೆಂಚಿನ ಮೇಣದ ವಾಸನೆ ಮಾತ್ರ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಮನೆಗೆ ಹೊಸ ಹೆಂಚು ತಂದುಕೊಟ್ಟೆ, 650 ರೂಪಾಯಿ. ಅದನ್ನೂ ಖರ್ಚಿಗೆ ಸೇರಿಸಿಕೊಳ್ಳಿ.