ಬೇಸಿಗೆಯಲ್ಲಿ ಎರೆ ಹೊಲದ ಕೊತ್ತಂಬರಿ: ನನ್ನ ಅನುಭವ

ಏಪ್ರಿಲ್ ಬಿಸಿಲಿನಲ್ಲಿ ಎರೆ (ಕಪ್ಪು ಮಣ್ಣಿನ) ಹೊಲದೊಳಗೆ ಕೊತ್ತಂಬರಿ ಬರುವುದಿಲ್ಲ ಎಂದು ಹುಬ್ಬಳ್ಳಿಯ ಸೊಪ್ಪಿನ ದಲಾಲರಿಂದ ಹಿಡಿದು ನನ್ನ ಚಿಕ್ಕಪ್ಪನವರೆಗೆ ಎಲ್ಲರೂ ಹೇಳಿದ್ದರು. ಈಗ ಕೆಲವು ವರ್ಷಗಳಿಂದ ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಹೊಲದ ಕೊತ್ತಂಬರಿ ತಪ್ಪದೆ ಪೇಟೆಗೆ ಹೋಗುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಸೊಪ್ಪು ನಮ್ಮ ಮನೆಗೆ ಮೂರು ತಲೆಮಾರಿನ ಕಸುಬು. ಅಜ್ಜ ಬಾವಿಗೆ ಎತ್ತಿನ ಕಪಿಲೆ ಕಟ್ಟಿ ನೀರೆತ್ತಿ ಮೆಂತ್ಯ, ಪುಂಡಿ, ರಾಜಗಿರಿ ಬೆಳೆಯುತ್ತಿದ್ದ. ಅಜ್ಜಿ ಬುಟ್ಟಿ ಹೊತ್ತು ಹಳ್ಳಿ ತಿರುಗಿ, ಸೊಪ್ಪು ಕೊಟ್ಟು ಜೋಳ ಅಳೆಸಿಕೊಂಡು ಬರುತ್ತಿದ್ದಳು. ರೊಕ್ಕ ಕಂಡದ್ದು ಅಪ್ಪನ ಕಾಲದಲ್ಲಿ, ಬೆಳಗಿನ ಬಸ್ಸಿಗೆ ಗಂಟು ಹಾಕಿ ಹುಬ್ಬಳ್ಳಿಯ ದುರ್ಗದಬೈಲು ಪೇಟೆಗೆ ಒಯ್ಯತೊಡಗಿದ ಮೇಲೆ. ಆಗ ಬಿಡನಾಳ, ಗಬ್ಬೂರು ಕಡೆಯವರು ನಗರದ ಕೊಳಚೆ ಹರಿಯುವ ಹಳ್ಳಕ್ಕೆ ಪಂಪು ಇಟ್ಟು ತರಕಾರಿ ತೆಗೆಯುತ್ತಿದ್ದರು. ನೀರು ಪುಕ್ಕಟೆ, ಬೇಸಿಗೆಯಲ್ಲೂ ಬತ್ತುವುದಿಲ್ಲ, ಗೊಬ್ಬರದ ಖರ್ಚೂ ಕಡಿಮೆ. ಜನ ಹಸಿಯಾಗಿ ತಿನ್ನುವ ಸೊಪ್ಪಿಗೆ ಆ ನೀರು ಸಲ್ಲದು ಎಂದು ಅಪ್ಪ ಹಟ ಹಿಡಿದು ಕೊಳವೆಬಾವಿ ಕೊರೆಸಿದ. ಎರಡು ಬರಿದಾದವು, ಮೂರನೆಯದು ಒಂದೂವರೆ ಇಂಚು ನೀರು ಕೊಟ್ಟಿತು. ಆ ಸಾಲ ನನ್ನ ಮದುವೆಯವರೆಗೂ ಮನೆಯಲ್ಲಿತ್ತು.

ಸೊಪ್ಪಿನ ಲೆಕ್ಕ ನಿಮಗೆ ಗೊತ್ತೇ ಇದೆ. ಶ್ರಾವಣದಲ್ಲಿ 100 ಸೂಡಿಗೆ (ಕಟ್ಟಿಗೆ) 80-100 ರೂಪಾಯಿ. ಕಿತ್ತು ಕಟ್ಟಿದ ಕೂಲಿಯೂ ಹುಟ್ಟದೆ ದನದ ಮುಂದೆ ಸುರಿಯುವುದೇ ಹೆಚ್ಚು. ಮೇ ತಿಂಗಳಲ್ಲಿ ಅದೇ 100 ಸೂಡು 1,000 ದಾಟುತ್ತದೆ, ಆದರೆ ಆಗ ನಮ್ಮ ನೆಲ ಕೈ ಹೋಗುವಷ್ಟು ಬಿರಿದಿರುತ್ತದೆ.

ಮೊದಲು ನೆರಳುಬಲೆ ಕಟ್ಟಿಸಿದೆ. ಹತ್ತು ಗುಂಟೆಗೆ ಕಂಬ, ತಂತಿ, ಕೂಲಿ ಸೇರಿ 65-70 ಸಾವಿರ ಹೋಗಿರಬೇಕು. ಭರಣಿ ಮಳೆಗೆ ಮುಂಚಿನ ಒಂದೇ ಗಾಳಿಗೆ ಬಲೆ ಹರಿದು ಬದುವಿನ ಜಾಲಿಗೆ ಜೋತುಬಿತ್ತು. ಉಳಿದ ತುಂಡಿನ ಕೆಳಗೂ ಬೆಳೆ ನೆಟ್ಟಗಾಗಲಿಲ್ಲ: ಎರೆ ಮಣ್ಣಿನ ತೇವ ಆರದೆ ಸಸಿಗಳು ಬುಡದಲ್ಲೇ ಕೊಳೆತು ಮಲಗಿದವು. ಬೇವಿನ ಹಿಂಡಿ, ಕೊಳೆರೋಗ ತಡೆಯುವ ಟ್ರೈಕೋಡರ್ಮಾ ಎಲ್ಲ ಆಯಿತು. ನೀರು ನಿಲ್ಲುವ ನೆಲದಲ್ಲಿ ಅವು ಏನು ಮಾಡಿಯಾವು?

ಕೊನೆಗೆ ಕೈಹಿಡಿದದ್ದು ಗೋವಿನಜೋಳ (ಮೆಕ್ಕೆಜೋಳ). ನಾಲ್ಕಡಿ ಅಗಲದ ಏರುಮಡಿಗಳನ್ನು ದಕ್ಷಿಣೋತ್ತರವಾಗಿ ಹಾಕಿ, ಒಂದೊಂದು ಮಡಿಯ ಪಡುವಣ ಅಂಚಿಗೆ ಗೋವಿನಜೋಳದ ಒತ್ತು ಸಾಲು ಊರುತ್ತೇನೆ. ಕೊತ್ತಂಬರಿ ಬಿತ್ತುವುದು ಅದಾದ ಒಂದು ತಿಂಗಳಿಗೆ. ನಡುಮಧ್ಯಾಹ್ನದ ಬಿಸಿಲು ತಪ್ಪುವುದಿಲ್ಲ. ಎರಡು ಗಂಟೆಯ ನಂತರದ ಉರಿಯನ್ನು ಸಾಲು ತಡೆಯುತ್ತದೆ, ಗಾಳಿಯೂ ಆಡುತ್ತದೆ. ಚಿಕ್ಕಪ್ಪ ಕದ್ದು ನೋಡಿ ತನ್ನ ಹೊಲದಲ್ಲಿಯೂ ಹಾಕಿಸಿದ, ಆದರೆ ಮೂಡಣ ಅಂಚಿಗೆ! ಬೆಳಗಿನ ಎಳೆಬಿಸಿಲಿಗೆ ನೆರಳು, ಇಳಿಹೊತ್ತಿಗೆ ಬೆಂಕಿ.

ಸಣ್ಣ ತೂತುಗಳಿಂದ ಮಳೆಯಂತೆ ನೀರು ಚಿಮ್ಮಿಸುವ ರೇನ್ ಪೈಪನ್ನು ಮಧ್ಯಾಹ್ನ ಐದಾರು ನಿಮಿಷ ಬಿಡುತ್ತೇನೆ. ಎಲೆ ಸುಡುತ್ತದೆ ಎಂದು ಹೆದರಿಸಿದವರಿದ್ದರು. ಸುಡಲಿಲ್ಲ, ಸೊಪ್ಪು ಕೆಡಿಸುವ ಹೂದಂಡು ಏಳುವುದು ಒಂದು ವಾರ ತಡವಾಯಿತು. ತ್ರೀಫೇಸ್ ವಿದ್ಯುತ್ ಬರುವುದು ಹೆಚ್ಚಾಗಿ ರಾತ್ರಿ. ಅದಕ್ಕೆ ಕೊಳವೆಬಾವಿಯ ನೀರನ್ನು ಹೊಂಡಕ್ಕೆ ತುಂಬಿಸಿಕೊಂಡು, ಹಗಲು ಸಣ್ಣ ಮೋಟಾರಿನಿಂದ ಎತ್ತುತ್ತೇನೆ.

ಬೀಜ ಗುಂಟೆಗೆ ಅರ್ಧ ಕಿಲೋ. ಗೋಣಿಯ ಮೇಲೆ ಹರಡಿ ಹಲಗೆಯಿಂದ ತಿಕ್ಕಿದರೆ ಕಾಳು ಎರಡು ಬೇಳೆಯಾಗಬೇಕು, ನುಚ್ಚಾಗಬಾರದು. ಈ ಕೆಲಸ ಅಮ್ಮನದೇ. ಹಲಗೆಯ ಕೆಳಗಿನ ಸದ್ದು ಬದಲಾದ ಕೂಡಲೇ ಕೈ ನಿಲ್ಲಿಸುತ್ತಾಳೆ. ಆಮೇಲೆ ಒಂದು ರಾತ್ರಿ ನೆನೆಸುವುದು. ಆ ನೀರಿಗೆ ಏನು ಬೆರೆಸುತ್ತೇವೆ ಎಂಬುದು ಮನೆಯ ಗುಟ್ಟು, ಕೇಳಬೇಡಿ. ಜವಾರಿ ಬೀಜದ ವಾಸನೆಗೆ ಸಾಟಿಯಿಲ್ಲ, ಆದರೆ ನಮ್ಮಲ್ಲಿ ಅದು ಬಿಸಿಲಿಗೆ ಬೇಗ ಹೂವಾಗುತ್ತದೆ. ಅದನ್ನು ಚಳಿಗಾಲಕ್ಕೆ ಇಟ್ಟುಕೊಂಡಿದ್ದೇನೆ.

ಅದೇ ನೆರಳಿಗೆ ಪಾಲಕ ಹಾಕಿ ನೋಡಿದೆ. ದಂಟು ಉದ್ದವಾಯಿತು, ಎಲೆ ಬಿಳಿಚಿತು. ಹೊಲದಲ್ಲಿ ತಾನಾಗಿ ಹುಟ್ಟುವ ಹಕ್ಕರಿಕೆ ಸೊಪ್ಪು ಮಾತ್ರ ಸೊಗಸಾಗಿ ಬಂತು. ಕಳೆ ಬಿತ್ತುತ್ತಾನೆ ಎಂದು ನಕ್ಕರು, ನಗಲಿ. ಅದರ ಬೀಜ ಗಾಳಿಗೆ ಹಾರುತ್ತದೆ. ಕಾಯಿ ಒಡೆಯುವ ಮೊದಲೇ ಬಟ್ಟೆ ಕಟ್ಟಿ ಹಿಡಿದಿಡಬೇಕು.

ನಿಜವಾದ ಲಾಭ ಬಂದದ್ದು ರೊಟ್ಟಿ ಖಾನಾವಳಿಗಳಿಂದ. ವರ್ಷವಿಡೀ ಸೂಡಿಗೆ 5 ರೂಪಾಯಿ, ಏರಿಕೆ ಇಲ್ಲ, ಇಳಿಕೆ ಇಲ್ಲ ಎಂದು ಮಾತಾಯಿತು. ಮೇ ತಿಂಗಳಲ್ಲಿ ಕೈಕೊಡುವುದಿಲ್ಲ ಎಂಬ ಭರವಸೆಗಾಗಿಯೇ ಅವರು ಶ್ರಾವಣದಲ್ಲೂ ಆ ದರ ಕೊಡುತ್ತಾರೆ. ಬೇಸಿಗೆ ಬೆಳೆಯಲ್ಲಿ ಮೂರನೆಯ ಒಂದು ಪಾಲು ಅವರಿಗೆ, ಉಳಿದದ್ದು ಪೇಟೆಯ ಸವಾಲಿಗೆ (ಹರಾಜಿಗೆ). ಹೋದ ಬೇಸಿಗೆ ಹಂತಹಂತವಾಗಿ ಬಿತ್ತಿದ ಇಪ್ಪತ್ತು ಗುಂಟೆಯಿಂದ ಸುಮಾರು 4,000 ಸೂಡು ಬಂದವು. ದಲಾಲಿ ಕಳೆದು ಮೂವತ್ತು ಸಾವಿರದ ಆಸುಪಾಸು ಸಿಕ್ಕಿತು, ಖರ್ಚು ಹತ್ತು ಸಾವಿರದ ಒಳಗೆ. ಗೋವಿನಜೋಳದ ಹಸಿ ಮೇವು ಎಮ್ಮೆ ಸಾಕಿದವರಿಗೆ ಹೋಯಿತು. ಈ ವರ್ಷ ಖಾನಾವಳಿಯವರು ಪುಂಡಿಯನ್ನೂ ಕೇಳಿದ್ದಾರೆ; ದರ ಇನ್ನೂ ಕುದುರಿಲ್ಲ.