ಮಲೆನಾಡಲ್ಲಿ ಕೂತು ಪ್ರೀಮಿಯರ್ ಲೀಗ್ ಸೀಸನ್ ಪೂರ್ತಿ ನೋಡುವುದು ಹೇಗೆ?

ಆಗಸ್ಟ್ ಬಂತೆಂದರೆ ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗ್ ಶುರು. ನಮ್ಮಲ್ಲಿ ಆಗ ಮಳೆ ಇನ್ನೂ ಬಿಟ್ಟಿರುವುದಿಲ್ಲ, ಅಡಿಕೆ ತೋಟಕ್ಕೆ ಇನ್ನೊಂದು ಸಲ ಬೋರ್ಡೋ (ಕೊಳೆ ರೋಗದ ಔಷಧಿ) ಹೊಡೆಸಬೇಕಾ ಬೇಡವಾ ಎಂಬ ಲೆಕ್ಕಾಚಾರ ನಡೆದಿರುತ್ತದೆ, ಕರೆಂಟು ಯಾವಾಗ ಹೋಗುತ್ತದೋ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಇಂಥದರಲ್ಲಿ ಒಂಬತ್ತು ತಿಂಗಳು ಫುಟ್‌ಬಾಲ್ ನೋಡುವುದು ಹೇಗೆ ಮಾರಾಯ್ರೇ ಅಂತ ಕೇಳುವವರಿಗೆ ಈ ಬರಹ. ಬಹಳ ಜನ ಮೊದಲ ಎರಡು ವಾರ ಸಿಕ್ಕಿದ್ದೆಲ್ಲ ನೋಡುತ್ತಾರೆ, ನಿದ್ದೆಗೆಡುತ್ತಾರೆ, ಗಣಪತಿ ಹಬ್ಬದ ಹೊತ್ತಿಗೆ ಸಾಕಪ್ಪಾ ಅಂತ ಬಿಟ್ಟುಬಿಡುತ್ತಾರೆ. ಮೇ ತಿಂಗಳವರೆಗೆ ನೋಡಬೇಕು ಅಂದರೆ ಕಡಿಮೆ ನೋಡಬೇಕು, ಆರಿಸಿ ನೋಡಬೇಕು.

ಮೊದಲು ಲೆಕ್ಕ ತಿಳಿದುಕೊಳ್ಳಿ

ಐಪಿಎಲ್ ನೋಡಿ ರೂಢಿ ಇರುವವರಿಗೆ ಒಂದು ವಿಷಯ ವಿಚಿತ್ರ ಅನ್ನಿಸುತ್ತದೆ. ಇಲ್ಲಿ ಪ್ಲೇಆಫ್ ಇಲ್ಲ, ಫೈನಲ್ಲೂ ಇಲ್ಲ. 20 ತಂಡಗಳು. ಪ್ರತಿ ತಂಡ ಉಳಿದ 19 ತಂಡಗಳ ಜೊತೆ ಎರಡೆರಡು ಸಲ ಆಡುತ್ತದೆ, ಒಮ್ಮೆ ತನ್ನ ಊರಲ್ಲಿ, ಒಮ್ಮೆ ಅವರ ಊರಲ್ಲಿ. ಹಾಗಾಗಿ ತಂಡಕ್ಕೆ 38 ಪಂದ್ಯ, ಒಟ್ಟು 380. ಗೆದ್ದರೆ 3 ಅಂಕ, ಡ್ರಾ ಆದರೆ ತಲಾ 1. ಕೊನೆಗೆ ಯಾರ ಅಂಕ ಜಾಸ್ತಿಯೋ ಅವರೇ ಚಾಂಪಿಯನ್. ಅಂಕ ಸಮ ಆದರೆ ಹೊಡೆದ ಗೋಲಿನಲ್ಲಿ ಬಿಟ್ಟುಕೊಟ್ಟ ಗೋಲು ಕಳೆದು ನೋಡುತ್ತಾರೆ. 2011-12ರಲ್ಲಿ ಮ್ಯಾಂಚೆಸ್ಟರ್‌ನ ಸಿಟಿ, ಯುನೈಟೆಡ್ ಎರಡೂ 89 ಅಂಕಕ್ಕೆ ನಿಂತವು. ಕೊನೇ ದಿನ ಹೆಚ್ಚುವರಿ ಸಮಯದಲ್ಲಿ ಅಗ್ವೇರೊ ಹೊಡೆದ ಗೋಲಿನಿಂದ ಸಿಟಿ ಗೆದ್ದಿತು, ಗೋಲು ಕಳೆದು ನೋಡುವ ಆ ಲೆಕ್ಕದ ಮೇಲೆಯೇ ಕಪ್ಪೂ ಅವರಿಗೆ ಹೋಯಿತು.

ಕೆಳಗಿನ ಮೂರು ತಂಡಗಳು ಕೆಳ ದರ್ಜೆಗೆ ಹೋಗುತ್ತವೆ, ಅದರ ಹೆಸರು ಚಾಂಪಿಯನ್‌ಶಿಪ್. ಅಲ್ಲಿಂದ ಮೂರು ಮೇಲೆ ಬರುತ್ತವೆ. ನನ್ನ ಕೇಳಿದರೆ ಇಡೀ ಲೀಗಿನ ಜೀವ ಇರುವುದು ಇಲ್ಲಿ. ಕಪ್ಪು ಯಾರಿಗೆ ಅನ್ನುವುದು ಕೆಲವು ವರ್ಷ ಮಾರ್ಚ್‌ನಲ್ಲೇ ಹೆಚ್ಚುಕಮ್ಮಿ ಗೊತ್ತಾಗಿಬಿಡುತ್ತದೆ. ಯಾರು ಬೀಳುತ್ತಾರೆ ಅನ್ನುವ ಕುತೂಹಲ ಹಾಗಲ್ಲ, ಎಷ್ಟೋ ಸಲ ಕೊನೇ ದಿನದವರೆಗೂ ಎಳೆಯುತ್ತದೆ.

ಆಫ್‌ಸೈಡ್ ಒಂದನ್ನು ಹೇಳಿ ಮುಂದೆ ಹೋಗುತ್ತೇನೆ. ತನ್ನವನು ಚೆಂಡು ಪಾಸ್ ಮಾಡಿದ ಕ್ಷಣದಲ್ಲಿ ಆಟಗಾರ ಎದುರಾಳಿ ಅರ್ಧದಲ್ಲಿದ್ದು, ಚೆಂಡಿಗಿಂತಲೂ ಮುಂದಿದ್ದು, ಅವನ ಮತ್ತು ಗೋಲಿನ ನಡುವೆ ಎದುರಾಳಿ ತಂಡದ ಒಬ್ಬನೇ ಉಳಿದಿದ್ದರೆ (ಸಾಮಾನ್ಯವಾಗಿ ಅದು ಗೋಲಿ) ಅವನು ಆಫ್‌ಸೈಡ್. ಉಳಿದ ನಿಯಮಗಳು ನೋಡುತ್ತಾ ನೋಡುತ್ತಾ ತಾನಾಗಿ ಬರುತ್ತವೆ.

ಗಡಿಯಾರದ ವಿಷಯ, ಇದನ್ನು ಸರಿಯಾಗಿ ಓದಿ

ಜಾಸ್ತಿ ಜನ ಎಡವುವುದು ಇಲ್ಲೇ. ಇಂಗ್ಲೆಂಡಿನಲ್ಲಿ ವರ್ಷಕ್ಕೆ ಎರಡು ಸಲ ಗಡಿಯಾರ ಬದಲಾಯಿಸುತ್ತಾರೆ. ಆಗಸ್ಟ್‌ನಿಂದ ಅಕ್ಟೋಬರ್ ಕೊನೇ ಭಾನುವಾರದವರೆಗೆ ನಾವು ಅವರಿಗಿಂತ ನಾಲ್ಕೂವರೆ ಗಂಟೆ ಮುಂದೆ. ಅಲ್ಲಿಂದ ಮಾರ್ಚ್ ಕೊನೇ ಭಾನುವಾರದವರೆಗೆ ಐದೂವರೆ ಗಂಟೆ ಮುಂದೆ. ಆಮೇಲೆ ಮತ್ತೆ ನಾಲ್ಕೂವರೆ. ನಾವು ಗಡಿಯಾರ ಮುಟ್ಟುವುದಿಲ್ಲ, ಆದರೂ ನಮ್ಮ ಪಂದ್ಯದ ಸಮಯ ಒಂದು ಗಂಟೆ ಆಚೀಚೆ ಆಗುತ್ತದೆ.

ಶನಿವಾರ ಅಲ್ಲಿ ಮಧ್ಯಾಹ್ನ ಹನ್ನೆರಡೂವರೆಯ ಪಂದ್ಯ ನಮಗೆ ಮೊದಲು ಸಂಜೆ 5ಕ್ಕೆ, ನವೆಂಬರ್ ಮೇಲೆ 6ಕ್ಕೆ. ಮೂರು ಗಂಟೆಯದು ರಾತ್ರಿ 7.30ಕ್ಕೆ, ಆಮೇಲೆ 8.30ಕ್ಕೆ. ಐದೂವರೆಯದು 10ಕ್ಕೆ, ಆಮೇಲೆ 11ಕ್ಕೆ. ಭಾನುವಾರ ಅವರ ಎರಡು ಗಂಟೆಯ ಪಂದ್ಯ ನಮಗೆ 6.30 ಅಥವಾ 7.30, ನಾಲ್ಕೂವರೆಯದು 9 ಅಥವಾ 10. ವಾರದ ನಡುವೆ ರಾತ್ರಿ ಎಂಟಕ್ಕೆ ಇರುವ ಪಂದ್ಯ ಮಾತ್ರ ಕಷ್ಟ, ನಮಗೆ ಅದು ನಡುರಾತ್ರಿ 12.30 ಅಥವಾ 1.30. ತಾರೀಖೂ ಬದಲಾಗಿರುತ್ತದೆ, ಮರೆಯಬೇಡಿ. ಅವರು "ಮಂಗಳವಾರ ರಾತ್ರಿ" ಅಂದರೆ ನಮ್ಮ ಲೆಕ್ಕಕ್ಕೆ ಬುಧವಾರ ಬೆಳಗಿನ ಜಾವ. ಮಂಗಳವಾರ ಎದ್ದು ಟಿವಿ ಹಾಕಿ ಏನೂ ಇಲ್ಲವಲ್ಲ ಅಂತ ಕೂತವರು ನಮ್ಮ ಪೇಟೆಯಲ್ಲೇ ಇದ್ದಾರೆ.

ವೇಳಾಪಟ್ಟಿ ಸಾಮಾನ್ಯವಾಗಿ ಜೂನ್‌ನಲ್ಲೇ ಬರುತ್ತದೆ, ಆದರೆ ಅದನ್ನು ಪೂರ್ತಿ ನಂಬಿ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಬೇಡಿ. ಟಿವಿಯವರಿಗೆ ಬೇಕಾದ ಪಂದ್ಯಗಳನ್ನು ಶುಕ್ರವಾರಕ್ಕೋ ಭಾನುವಾರಕ್ಕೋ ಸೋಮವಾರಕ್ಕೋ ಆಮೇಲೆ ಸರಿಸುತ್ತಾರೆ. ತಿಂಗಳಿಗೊಮ್ಮೆ ನೋಡಿ ತಿದ್ದಿಕೊಂಡರೆ ಸಾಕು.

ಇನ್ನೊಂದು ತಮಾಷೆ. ಶನಿವಾರ ಮೂರು ಗಂಟೆಯ ಪಂದ್ಯಗಳನ್ನು ಇಂಗ್ಲೆಂಡಿನ ಟಿವಿಯಲ್ಲಿ ನೇರಪ್ರಸಾರ ಮಾಡುವ ಹಾಗಿಲ್ಲ, ಜನ ಸ್ಟೇಡಿಯಂಗೆ ಬರುವುದು ಕಡಿಮೆಯಾದೀತು ಅಂತ ಹಳೇ ಕಾಲದಿಂದ ಬಂದ ಕಟ್ಟಳೆ. ಲಿವರ್‌ಪೂಲಿನಲ್ಲಿ ಮನೆಯಲ್ಲಿ ಕೂತವನಿಗೆ ಸಿಗದ ಪಂದ್ಯ ಕೊಪ್ಪದಲ್ಲಿ ಕೂತವನಿಗೆ ಸಿಗುತ್ತದೆ! ಅದೂ ಊಟದ ಹೊತ್ತಿಗೆ. ಹೊಸಬರಿಗೆ ನಾನು ಹೇಳುವುದು ಇದೇ ಹೊತ್ತನ್ನು. ವಾರಕ್ಕೆ ಒಂದೇ ಪಂದ್ಯ ನೋಡುವುದಾದರೆ ಶನಿವಾರದ ಏಳೂವರೆ ಹಿಡಿಯಿರಿ.

ತಂಡ ಆರಿಸುವುದು

ಆರ್ಸೆನಲ್, ಲಿವರ್‌ಪೂಲ್, ಯುನೈಟೆಡ್, ಚೆಲ್ಸಿ. ಶಿವಮೊಗ್ಗದಲ್ಲಿ ಜರ್ಸಿ ಹಾಕಿಕೊಂಡು ಓಡಾಡುವ ಹುಡುಗರಲ್ಲಿ ಮುಕ್ಕಾಲು ಪಾಲು ಇವರದ್ದೇ. ತಪ್ಪೇನಿಲ್ಲ, ಒಂದನ್ನು ಹಿಡಿದುಕೊಳ್ಳಿ. ಆದರೆ ಎರಡನೆಯದಾಗಿ ಒಂದು ಸಣ್ಣ ತಂಡವನ್ನೂ ಹಿಡಿಯಿರಿ, ಹೊಸದಾಗಿ ಮೇಲೆ ಬಂದ ಮೂರರಲ್ಲಿ ಒಂದಾದರೆ ಇನ್ನೂ ಒಳ್ಳೆಯದು. 2023-24ರಲ್ಲಿ ಮೇಲೆ ಬಂದ ಲೂಟನ್, ಬರ್ನ್ಲಿ, ಶೆಫೀಲ್ಡ್ ಯುನೈಟೆಡ್ ಮೂರೂ ಅದೇ ವರ್ಷ ವಾಪಸ್ ಬಿದ್ದವು. ಮರುವರ್ಷ ಲೆಸ್ಟರ್, ಇಪ್ಸ್‌ವಿಚ್, ಸೌತಾಂಪ್ಟನ್ ಕಥೆಯೂ ಅದೇ ಆಯಿತು. ಅಷ್ಟು ಕಷ್ಟ ಉಳಿದುಕೊಳ್ಳುವುದು. ಅಂಥ ತಂಡಕ್ಕೆ ಒಂದು ಡ್ರಾ ಸಿಕ್ಕರೂ ಹಬ್ಬ, ನೋಡುವವರಿಗೂ ಹಬ್ಬ.

ಲೆಸ್ಟರ್ ಹೆಸರು ಬಂತಲ್ಲ, ಅವರ ಕಥೆ ಕೇಳಿ. 2014ರಲ್ಲಿ ಮೇಲೆ ಬಂದರು. 2015-16ರಲ್ಲಿ ಯಾರ ಕನಸಿನಲ್ಲೂ ಇಲ್ಲದ ಹಾಗೆ ಚಾಂಪಿಯನ್ ಆದರು, ಸೀಸನ್ ಶುರುವಿನಲ್ಲಿ ಅವರ ಮೇಲಿನ ಬಾಜಿ ಒಂದಕ್ಕೆ ಐದು ಸಾವಿರ ಇತ್ತು. 2023ರ ಮೇ 28ರಂದು ಕೊನೇ ಪಂದ್ಯದಲ್ಲಿ ವೆಸ್ಟ್ ಹ್ಯಾಮ್ ವಿರುದ್ಧ ಗೆದ್ದರೂ ಕೆಳಗೆ ಬಿದ್ದರು, ಯಾಕೆಂದರೆ ಅದೇ ಹೊತ್ತಿಗೆ ಬೇರೆ ಊರಲ್ಲಿ ಎವರ್ಟನ್ ಒಂದು ಗೋಲಿನಿಂದ ಗೆದ್ದಿತ್ತು. 2024ರಲ್ಲಿ ಮತ್ತೆ ಮೇಲೆ, 2025ರಲ್ಲಿ ಮತ್ತೆ ಕೆಳಗೆ.

ತಂಡದ ಬಗ್ಗೆ ತೀರ್ಮಾನ ಮಾತ್ರ ಆಗಸ್ಟ್‌ನಲ್ಲೇ ಬೇಡ. ಆಟಗಾರರನ್ನು ಕೊಳ್ಳುವ, ಮಾರುವ ಅವಧಿ ಸಾಮಾನ್ಯವಾಗಿ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಮೊದಲ ದಿನಗಳವರೆಗೆ ಇರುತ್ತದೆ. ಮೊದಲ ಪಂದ್ಯದಲ್ಲಿ ಕಂಡ ಸ್ಟ್ರೈಕರ್ ಮೂರನೇ ವಾರಕ್ಕೆ ಬೇರೆ ಕ್ಲಬ್ಬಿನಲ್ಲಿರಬಹುದು. ಜನವರಿಯಲ್ಲಿ ಇನ್ನೊಂದು ಸಲ ಅದೇ ಗಲಾಟೆ.

ಕರೆಂಟು, ರೇಂಜು, ಡಾಟಾ

ಪ್ರಸಾರ ಸ್ಟಾರ್ ಸ್ಪೋರ್ಟ್ಸ್ ಮತ್ತು ಜಿಯೋಹಾಟ್‌ಸ್ಟಾರ್‌ನಲ್ಲಿ. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆಯವರಿಗೆ ಗೊತ್ತಿರುವ ಹಾಗೆ, ಮಳೆ ಜೋರಾದರೆ ಡಿಶ್ ಟಿವಿಯಲ್ಲಿ ಚಿತ್ರ ಚೌಕ ಚೌಕವಾಗಿ ಒಡೆದು "ಸಿಗ್ನಲ್ ಇಲ್ಲ" ಅಂತ ಬರುತ್ತದೆ. ಕೊಡೆಯ ಮೇಲೆ ಏನೇ ಹೊದಿಸಿದರೂ ಪ್ರಯೋಜನ ಇಲ್ಲ, ಆ ಅಲೆಗಳನ್ನು ಮಳೆಹನಿಯೇ ತಡೆಯುತ್ತದೆ. ಆದ್ದರಿಂದ ಸೆಪ್ಟೆಂಬರ್ ಮುಗಿಯುವವರೆಗೆ ಫೈಬರ್ ಇಂಟರ್ನೆಟ್ ಇದ್ದರೆ ಅದನ್ನೇ ನೆಚ್ಚಿಕೊಳ್ಳಿ.

ಫೈಬರ್‌ಗೂ ಒಂದು ತೊಂದರೆ ಇದೆ. ಮರ ಬಿದ್ದು ಲೈನ್ ಹೋಯಿತು ಅಂದರೆ ರೌಟರ್ ಆರಿಹೋಗುತ್ತದೆ. ಮನೆಗೆ ಇನ್ವರ್ಟರ್ ಇದ್ದರೆ ರೌಟರಿನ ಪ್ಲಗ್ ಇನ್ವರ್ಟರ್ ಲೈನಿನಲ್ಲಿ ಇದೆಯಾ ಅಂತ ಜುಲೈನಲ್ಲೇ ನೋಡಿ, ಎಷ್ಟೋ ಮನೆಯಲ್ಲಿ ಇರುವುದಿಲ್ಲ. ಇನ್ವರ್ಟರ್ ಇಲ್ಲದವರು ರೌಟರಿಗೆಂದೇ ಸಿಗುವ ಸಣ್ಣ ಯುಪಿಎಸ್ ಹಾಕಿಸಿಕೊಳ್ಳಬಹುದು. ಕೊಳ್ಳುವ ಮುಂಚೆ ರೌಟರಿನ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಅಂತ ಬರೆದಿರುವುದನ್ನು ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗಿ.

ಮೊಬೈಲ್ ಡಾಟಾದಲ್ಲೇ ನೋಡುವವರು ಚಿತ್ರದ ಗುಣಮಟ್ಟವನ್ನು ಕೈಯಾರೆ ಕಡಿಮೆ ಮಾಡಿ ಇಡಿ. "ಆಟೊ" ಅಂತ ಬಿಟ್ಟರೆ ರೇಂಜ್ ಸಿಕ್ಕಾಗಲೆಲ್ಲ ಡಾಟಾ ಎಳೆಯುತ್ತದೆ. ದಿನಕ್ಕೆ ಇಷ್ಟು ಜಿಬಿ ಅನ್ನುವ ಪ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ರಾತ್ರಿ ಹನ್ನೆರಡಕ್ಕೆ ಹೊಸ ದಿನದ ಲೆಕ್ಕ ಶುರುವಾಗುತ್ತದೆ, ಅಲ್ವಾ? ಚಳಿಗಾಲದಲ್ಲಿ 11ಕ್ಕೆ ಶುರುವಾಗುವ ಪಂದ್ಯದ ಮೊದಲರ್ಧ ಮುಗಿಯುವುದು ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ, ಎರಡನೇ ಅರ್ಧ ಶುರುವಾಗುವುದು ಹನ್ನೆರಡು ದಾಟಿದ ಮೇಲೆ. ಅಂದರೆ ಮೊದಲರ್ಧ ಇವತ್ತಿನ ಡಾಟಾದಲ್ಲಿ, ಎರಡನೇ ಅರ್ಧ ನಾಳೆಯದರಲ್ಲಿ. ಅಷ್ಟೇ ಡಾಟಾ ಇರುವವರಿಗೆ ಇದಕ್ಕಿಂತ ಒಳ್ಳೆಯ ಪಂದ್ಯ ಇಲ್ಲ.

ನವೆಂಬರಿನಿಂದ ಜನವರಿವರೆಗೆ ಇನ್ನೊಂದು ಅನುಕೂಲ. ಕೊನೆ ಕೊಯ್ಲು ಶುರುವಾಗಿರುತ್ತದೆ, ಅಡಿಕೆ ಸುಲಿಯುವ ಮನೆಗಳಲ್ಲಿ ಹೇಗೂ ರಾತ್ರಿ ಎಚ್ಚರ ಇರುತ್ತಾರೆ. ಮೊಬೈಲನ್ನು ಎದುರಿನ ಚೀಲಕ್ಕೆ ಒರಗಿಸಿಟ್ಟುಕೊಂಡು ಮೆಟ್ಟುಗತ್ತಿ ಮುಂದೆ ಕೂತು ಪಂದ್ಯ ನೋಡುವವರಿದ್ದಾರೆ. ಒಂದೇ ಮಾತು: ಗೋಲು ಅಂತ ಕಿವಿಗೆ ಬಿದ್ದ ಕೂಡಲೇ ತಲೆ ಎತ್ತಬೇಡಿ, ಮೊದಲು ಕೈ ಕತ್ತಿಯಿಂದ ತೆಗೆಯಿರಿ. ಗೋಲನ್ನು ಹೇಗೂ ಮೂರು ಸಲ ಮರುಪ್ರಸಾರ ಮಾಡುತ್ತಾರೆ.

ಫ್ಯಾಂಟಸಿ ಆಡುವುದಿದ್ದರೆ

ಲೀಗಿನ ಆಟಗಾರರನ್ನು ಆರಿಸಿ ನಿಮ್ಮದೇ ತಂಡ ಕಟ್ಟುವುದು, ಅವರು ನಿಜವಾದ ಪಂದ್ಯದಲ್ಲಿ ಹೇಗೆ ಆಡುತ್ತಾರೋ ಅದರ ಮೇಲೆ ನಿಮಗೆ ಅಂಕ, ಇದೇ ಫ್ಯಾಂಟಸಿ. ಲೀಗಿನವರೇ ನಡೆಸುವ ಇಂಥ ಆಟ ಇದೆ, ದುಡ್ಡು ಕಟ್ಟಬೇಕಾಗಿಲ್ಲ. ದುಡ್ಡು ಕಟ್ಟಿಸಿಕೊಳ್ಳುವ ಆ್ಯಪ್‌ಗಳ ತಂಟೆ ಬೇಡ, 2025ರ ಕೇಂದ್ರ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದೆ. ಲೀಗಿನವರ ಆಟದಲ್ಲಿ ನಿಮಗೆ 10 ಕೋಟಿ ಪೌಂಡ್ ಕೊಡುತ್ತಾರೆ, ಲೆಕ್ಕಕ್ಕೆ ಮಾತ್ರ. ಅದರಲ್ಲಿ 15 ಜನ: 2 ಗೋಲಿ, 5 ಡಿಫೆಂಡರ್, 5 ಮಿಡ್‌ಫೀಲ್ಡರ್, 3 ಫಾರ್ವರ್ಡ್. ಒಂದು ಕ್ಲಬ್ಬಿನಿಂದ ಮೂವರಿಗಿಂತ ಜಾಸ್ತಿ ಇಲ್ಲ. ಕ್ಯಾಪ್ಟನ್ ಮಾಡಿದವನ ಅಂಕ ಎರಡು ಪಟ್ಟು.

ದೊಡ್ಡ ಹೆಸರುಗಳಿಗೇ ದುಡ್ಡು ಸುರಿಯಬೇಡಿ. ಅಗ್ಗದ, ಆದರೆ ಪ್ರತಿ ವಾರ ಪೂರ್ತಿ ತೊಂಬತ್ತು ನಿಮಿಷ ಆಡುವ ಡಿಫೆಂಡರ್ ಇಬ್ಬರಿದ್ದರೆ ಉಳಿದ ಲೆಕ್ಕ ಸುಲಭ. ತಂಡ ಬದಲಾಯಿಸಲು ಗಡುವು ಆ ವಾರದ ಮೊದಲ ಪಂದ್ಯಕ್ಕೆ 90 ನಿಮಿಷ ಮುಂಚೆ. ಶನಿವಾರ ಸಂಜೆ 5ಕ್ಕೆ ಮೊದಲ ಪಂದ್ಯ ಇದ್ದರೆ 3.30ರೊಳಗೆ ಮುಗಿಸಬೇಕು. ಶುಕ್ರವಾರವೇ ಪಂದ್ಯ ಇದ್ದರೆ ಆ ರಾತ್ರಿ 11ಕ್ಕೇ (ಚಳಿಗಾಲದಲ್ಲಿ 12ಕ್ಕೆ) ಬಾಗಿಲು ಮುಚ್ಚುತ್ತದೆ. ಊರಿನ ಗೆಳೆಯರದ್ದೇ ಒಂದು ಪುಟ್ಟ ಲೀಗ್ ಮಾಡಿ ಕೋಡ್ ಹಂಚಿಕೊಳ್ಳಿ. ಸೋತವರು ಎಲ್ಲರಿಗೂ ಮಸಾಲೆ ದೋಸೆ ಕೊಡಿಸಬೇಕು ಅಂತ ಮೊದಲೇ ಮಾತಾಗಿರಲಿ.

ಪಟ್ಟಿಯನ್ನು ಕೆಳಗಿನಿಂದ ಓದಿ

ಮೇಲಿನ ನಾಲ್ಕು ತಂಡಗಳಿಗೆ, ಕೆಲವು ವರ್ಷ ಐದಕ್ಕೆ, ಮುಂದಿನ ಸಲ ಯುರೋಪಿನ ಚಾಂಪಿಯನ್ಸ್ ಲೀಗ್ ಆಡುವ ಅವಕಾಶ. ಫೆಬ್ರವರಿಯಿಂದ ನಾನು 17 ಮತ್ತು 18ನೇ ಸ್ಥಾನದ ನಡುವೆ ಎಷ್ಟು ಅಂಕ ಇದೆ ಅಂತ ಮೊದಲು ನೋಡುತ್ತೇನೆ. 40 ಅಂಕ ಬಂದರೆ ಬಚಾವು ಅಂತ ಒಂದು ಮಾತಿದೆ. ಬಹಳಷ್ಟು ವರ್ಷ ಅಷ್ಟು ಬೇಕಾಗಿಲ್ಲ, ಆದರೆ 2002-03ರಲ್ಲಿ ವೆಸ್ಟ್ ಹ್ಯಾಮ್ 42 ಅಂಕ ಇಟ್ಟುಕೊಂಡೂ ಬಿದ್ದುಹೋಯಿತು. ಕೆಳಗಿನ ಎರಡು ತಂಡಗಳು ಪರಸ್ಪರ ಆಡುವ ಪಂದ್ಯ ಬಂದರೆ ಬಿಡಬೇಡಿ. ಆಟ ಚೆಂದ ಇರುವುದಿಲ್ಲ, ಬರೀ ತಳ್ಳಾಟ, ಉದ್ದುದ್ದ ಒದೆತ, ಆದರೂ ಎದ್ದು ಹೋಗಲು ಮನಸ್ಸಾಗುವುದಿಲ್ಲ.

ಕೊನೇ ಭಾನುವಾರ ಹತ್ತೂ ಪಂದ್ಯ ಒಂದೇ ಹೊತ್ತಿಗೆ ಶುರು, ಒಬ್ಬರ ಫಲಿತಾಂಶ ನೋಡಿಕೊಂಡು ಇನ್ನೊಬ್ಬರು ಆಡಬಾರದು ಅಂತ. ಸಾಮಾನ್ಯವಾಗಿ ನಮ್ಮ ರಾತ್ರಿ 8.30ಕ್ಕೆ. ಟಿವಿಯಲ್ಲಿ ಬೀಳುವ ಭಯದಲ್ಲಿರುವ ತಂಡದ ಪಂದ್ಯ ಹಾಕಿ, ಕೈಯಲ್ಲಿರುವ ಫೋನಿನಲ್ಲಿ ಅಂಕಪಟ್ಟಿ ತೆರೆದಿಡಿ. ಮೇ ಕೊನೆ ಅಂದರೆ ನಮ್ಮಲ್ಲಿ ಗುಡುಗು ಮಿಂಚಿನ ಮಳೆಯ ಕಾಲ, ಸಿಡಿಲು ಹೊಡೆಯಲು ಶುರುವಾದರೆ ಟಿವಿ, ರೌಟರ್ ಎರಡರ ಪ್ಲಗ್ಗೂ ತೆಗೆಯಬೇಕಾಗುತ್ತದೆ. ಹಾಗಾಗಿ ಅವತ್ತು ಸಂಜೆಯೇ ಫೋನ್ ಚಾರ್ಜ್ ಮಾಡಿಕೊಳ್ಳಿ, ಡಾಟಾ ಉಳಿಸಿಟ್ಟುಕೊಳ್ಳಿ, ಮನೆಯ ಯಾವ ಮೂಲೆಯಲ್ಲಿ ರೇಂಜ್ ಸಿಗುತ್ತದೋ ಅಲ್ಲಿಗೆ ಕುರ್ಚಿ ಹಾಕಿಕೊಳ್ಳಿ.