ಊರ ಗುಡಿ, ದರ್ಗಾ, ಚರ್ಚಿನ ನೆನಪನ್ನು ಮೊಬೈಲಿನಲ್ಲಿ ದಾಖಲಿಸುವುದು ಹೇಗೆ?

ಗುಡಿಯ ಜೀರ್ಣೋದ್ಧಾರ ಎಂದರೆ ಊರಿಗೆ ಊರೇ ಕೈಜೋಡಿಸುತ್ತದೆ. ಹೊಸ ಗೋಪುರ ಏಳುತ್ತದೆ, ನೆಲಕ್ಕೆ ಗ್ರಾನೈಟ್ ಬರುತ್ತದೆ, ಕುಂಭಾಭಿಷೇಕದ ಫ್ಲೆಕ್ಸ್ ಬಸ್‌ಸ್ಟ್ಯಾಂಡಿನವರೆಗೂ ಹಬ್ಬುತ್ತದೆ. ಅಷ್ಟರಲ್ಲಿ ಹಳೇ ಕಂಬದ ಮೇಲಿದ್ದ ಎರಡು ಸಾಲು ಬರಹ ಸಿಮೆಂಟಿನಡಿ ಸೇರಿರುತ್ತದೆ. ಟ್ರಂಕಿನಲ್ಲಿದ್ದ ವಂತಿಗೆ ಪುಸ್ತಕ ಗುಜರಿಗೆ ಹೋಗಿರುತ್ತದೆ. ತೇರಿನ ಪದ ಹೇಳುತ್ತಿದ್ದ ಅಜ್ಜಿ ತೀರಿಕೊಂಡಿರುತ್ತಾರೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಈ ನಷ್ಟ ಸದ್ದಿಲ್ಲದೆ ಆಗುತ್ತಿದೆ. ಇದನ್ನು ತಡೆಯಲು ಅನುದಾನಕ್ಕಾಗಿ ಕಾಯಬೇಕಿಲ್ಲ. ಒಂದು ಒಳ್ಳೆಯ ಮೊಬೈಲ್, ಕೆಲವು ನೂರು ರೂಪಾಯಿಗೆ ಸಿಗುವ ಕಾಲರ್ ಮೈಕ್, ಎರಡು ಹಾರ್ಡ್‌ಡಿಸ್ಕ್ ಮತ್ತು ಊರಿನ ಮೂರ್ನಾಲ್ಕು ಹುಡುಗ ಹುಡುಗಿಯರು ಸಾಕು. ಗುಡಿಗೆ ಹೇಳಿದ್ದೆಲ್ಲ ಮಸೀದಿ, ದರ್ಗಾ, ಬಸದಿ, ಚರ್ಚು, ಮಠಗಳಿಗೂ ಸಲ್ಲುತ್ತದೆ.

ಮೊದಲು ಒಪ್ಪಿಗೆ

ಕ್ಯಾಮೆರಾ ತೆಗೆಯುವ ಮುಂಚೆ ಕೂತು ಮಾತಾಡಿ. ಅರ್ಚಕರು, ಧರ್ಮದರ್ಶಿಗಳು, ಮುತವಲ್ಲಿ, ಪಾದ್ರಿ, ಊರ ಯಜಮಾನರು ಹೀಗೆ ಯಾರ ಮಾತು ಅಲ್ಲಿ ನಡೆಯುತ್ತದೋ ಅವರ ಜತೆ. ಯಾವುದನ್ನು ಚಿತ್ರಿಸಬಹುದು, ಯಾವುದನ್ನು ಚಿತ್ರಿಸಬಾರದು ಎಂಬುದನ್ನು ಅವರೇ ಹೇಳಲಿ. ಕೆಲವು ಕುಲಗಳಲ್ಲಿ ದೇವರ ಪೆಟ್ಟಿಗೆಯನ್ನು ನಿಗದಿತ ದಿನ ಬಿಟ್ಟು ತೆರೆಯುವುದಿಲ್ಲ. ಕರಗದ ಕೆಲವು ವಿಧಿಗಳನ್ನು ಹೊರಗಿನವರು ನೋಡುವಂತಿಲ್ಲ. ಅಂಥ ಕಡೆ ಮೊಬೈಲ್ ಜೇಬಿನಲ್ಲೇ ಇರಲಿ. ದಾಖಲೆಯಾಗದೆ ಉಳಿಯಬೇಕಾದದ್ದೂ ಕೆಲವಿರುತ್ತವೆ. ಅದನ್ನು ತೀರ್ಮಾನಿಸುವವರು ಆ ಸಮುದಾಯದವರೇ.

ಆದರೆ ಒಪ್ಪಿಗೆ ಕೊಡುವವರ ನೆನಪನ್ನಷ್ಟೇ ದಾಖಲಿಸಿ ಎದ್ದು ಬರಬೇಡಿ. ಈ ಮಾತನ್ನು ಒತ್ತಿ ಹೇಳಬೇಕು. ಗುಡಿಯ ಕಥೆ ಅರ್ಚಕರು ಮತ್ತು ಗೌಡರ ಮನೆಯಲ್ಲಿ ಮುಗಿಯುವುದಿಲ್ಲ. ಉತ್ಸವಕ್ಕೆ ನಡೆಮಡಿ ಹಾಸುವ ಮಡಿವಾಳರು, ಕರಗಕ್ಕೆ ಮಡಕೆ ಮಾಡಿಕೊಡುವ ಕುಂಬಾರರು, ತೇರಿನ ಗಾಲಿ ಕೂರಿಸುವ ಆಚಾರಿ, ದೇವರ ಮುಂದೆ ತಮಟೆ ಬಡಿಯುವವರು, ಇವರಿಲ್ಲದೆ ಯಾವ ಜಾತ್ರೆಯೂ ನಡೆದಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆದರೆ ಪ್ರತಿ ಊರಲ್ಲೂ ಇರುವ ತಮಟೆಯವರನ್ನು ಕೂರಿಸಿಕೊಂಡು ಯಾವ ಪೂಜೆಗೆ ಯಾವ ಬಡಿತ ಎಂದು ಕೇಳಿ ದಾಖಲಿಸಿದವರು ಕಡಿಮೆ. ಗುಡಿಯ ಒಳಗೆ ಕಾಲಿಡಲು ಬಿಡದೆ ಹೊರಗೆ ನಿಲ್ಲಿಸಿದ್ದವರ ನೆನಪೂ ಆ ಗುಡಿಯ ಚರಿತ್ರೆಯೇ. ಅದನ್ನು ಕೇಳಲು ಕೊಂಚ ಧೈರ್ಯ ಬೇಕು, ಕೇಳಲೇಬೇಕು.

ಕಲ್ಲಿಗಿಂತ ಮುಂಚೆ ಕೊರಳು

ಎಲ್ಲಿಂದ ಶುರು ಮಾಡುವುದು ಎಂದು ಯಾರು ಕೇಳಿದರೂ ನನ್ನ ಉತ್ತರ ಒಂದೇ: ಊರಿನ ಅತಿ ಹಿರಿಯರಿಂದ. ಕಲ್ಲು ಇನ್ನಷ್ಟು ವರ್ಷ ಕಾಯುತ್ತದೆ. ಎಂಬತ್ತೈದು ದಾಟಿದ ಜೀವ ಮುಂದಿನ ಜಾತ್ರೆಯವರೆಗೂ ಇರುತ್ತದೆಂದು ಹೇಳಲಾಗದು.

ಶಿರಾ ಸೀಮೆಯ ಕಾಡುಗೊಲ್ಲರನ್ನೇ ನೋಡಿ. ಅವರ ಸಾಂಸ್ಕೃತಿಕ ವೀರ ಜುಂಜಪ್ಪನ ಕಥೆ ಯಾವ ಗೋಡೆಯ ಮೇಲೂ ಕೆತ್ತಿಲ್ಲ, ಅದು ಇರುವುದು ಹಾಡುವವರ ಬಾಯಲ್ಲಿ. ಜತೆಗೆ ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲಿದೆ. ಅದನ್ನು ನುಡಿಸಬಲ್ಲವರು ಈಗ ಬೆರಳೆಣಿಕೆಯಷ್ಟು. ಗಣೆಯನ್ನು ದಾಖಲಿಸುವಾಗ ಮೈಕನ್ನು ಕೊಳಲ ಬಾಯಿಗೆ ನೇರ ಹಿಡಿದರೆ ಉಸಿರಿನ ಬುಸುಗುಟ್ಟುವಿಕೆಯೇ ತುಂಬಿಕೊಳ್ಳುತ್ತದೆ. ಒಂದು ಮೊಳ ದೂರದಲ್ಲಿ, ಸ್ವಲ್ಪ ಪಕ್ಕಕ್ಕೆ ಇಡಿ. ಬೆರಳುಗಳ ಚಲನೆ ಕಾಣುವಂತೆ ಇನ್ನೊಂದು ಮೊಬೈಲಿನಲ್ಲಿ ವಿಡಿಯೊ ಮಾಡಿ. ನಾಳೆ ಕಲಿಯಬಯಸುವ ಹುಡುಗನಿಗೆ ಧ್ವನಿಯೊಂದೇ ಸಾಲದು, ಬೆರಳೂ ಕಾಣಬೇಕು. ಕಥೆಯನ್ನು ತುಂಡು ಮಾಡಿಸಬೇಡಿ. "ಚಿಕ್ಕದಾಗಿ ಹೇಳಿ ತಾತ" ಎಂದರೆ ಅವರು ಸಾರಾಂಶ ಹೇಳಿ ಮುಗಿಸುತ್ತಾರೆ, ಹಾಡು ಅಲ್ಲೇ ಉಳಿದುಬಿಡುತ್ತದೆ.

ಮಾತಿನ ದಾಖಲೆಗೆ ಕೂರುವ ಜಾಗ ಮುಖ್ಯ. ಫ್ಯಾನ್ ಆರಿಸಿ, ಟಿವಿ ನಿಲ್ಲಿಸಿ, ರಸ್ತೆ ಬದಿಯ ಜಗಲಿ ಬಿಟ್ಟು ನಡುಮನೆಗೆ ಬನ್ನಿ. ಮೊಬೈಲನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ನಡುವೆ ಕರೆ ಬಂದರೆ ಎಷ್ಟೋ ಮೊಬೈಲುಗಳಲ್ಲಿ ರೆಕಾರ್ಡಿಂಗ್ ನಿಂತುಹೋಗುತ್ತದೆ. ರೆಕಾರ್ಡರ್ ಆ್ಯಪ್‌ನಲ್ಲಿ ವೇವ್ (WAV) ಮಾದರಿ, ಅಂದರೆ ಧ್ವನಿಯನ್ನು ಕುಗ್ಗಿಸದೆ ಉಳಿಸುವ ಮಾದರಿ ಇದ್ದರೆ ಅದನ್ನೇ ಆರಿಸಿ. ಸಿ.ಡಿ. ಗುಣಮಟ್ಟದ ಒಂದೇ ಚಾನೆಲ್ ಧ್ವನಿಗೆ ಗಂಟೆಗೆ ಸುಮಾರು 317 ಎಂ.ಬಿ. ಜಾಗ ಬೇಕು. ಎಂಪಿ3ಗೆ ಇದಕ್ಕಿಂತ ತುಂಬಾ ಕಡಿಮೆ ಜಾಗ ಸಾಕು, ಆದರೆ ಅದು ಹಂಚಲು ಮಾತ್ರ. ಕಾಪಿಡಬೇಕಾದದ್ದು ಮೂಲ ವೇವ್ ಕಡತ. ಶುರುವಿನಲ್ಲೇ ದಿನಾಂಕ, ಊರು, ಹೇಳುವವರ ಹೆಸರು, ಕೇಳುವವರ ಹೆಸರು, "ದಾಖಲಿಸಿಕೊಳ್ಳಲು ನನ್ನ ಒಪ್ಪಿಗೆ ಇದೆ" ಎಂಬ ಮಾತು, ಇಷ್ಟೂ ಅವರ ದನಿಯಲ್ಲೇ ಬರಲಿ.

ಪ್ರಶ್ನೆ ಕೇಳುವುದರಲ್ಲೂ ಹದ ಬೇಕು. "ಈ ದೇವಸ್ಥಾನದ ಇತಿಹಾಸ ಹೇಳಿ" ಎಂದರೆ ಹಿರಿಯರು ಸ್ಥಳಪುರಾಣದ ಪುಸ್ತಕದಲ್ಲಿರುವುದನ್ನೇ ಒಪ್ಪಿಸುತ್ತಾರೆ. "ಅಜ್ಜಿ, ನೀವು ಮದುವೆಯಾಗಿ ಬಂದಾಗ ತೇರು ಯಾವ ದಾರೀಲಿ ಬರ್ತಿತ್ತು? ಆರತಿಗೆ ಯಾರ್‍ಯಾರು ಹೋಗ್ತಿದ್ರಿ? ಮಳೆ ಹೋದ ವರ್ಷ ಏನು ಮಾಡ್ತಿದ್ರಿ?" ಎಂದು ಕೇಳಿ ನೋಡಿ, ಅವರ ಮುಖವೇ ಬೇರೆಯಾಗುತ್ತದೆ. ಸುಮ್ಮನಾದಾಗ ನೀವೂ ಸುಮ್ಮನಿರಿ. ಮುಂದಿನ ಮಾತು ಆ ಮೌನ ದಾಟಿಯೇ ಬರುವುದು.

ಭಾಷೆ ತಿದ್ದಬೇಡಿ. ಕೋಲಾರ, ಚಿಂತಾಮಣಿ, ಬಾಗೇಪಲ್ಲಿ ಕಡೆ ಒಂದೇ ಮಾತಿನಲ್ಲಿ ಕನ್ನಡ ತೆಲುಗು ಎರಡೂ ಬರುತ್ತವೆ. ಕೈವಾರದ ತಾತಯ್ಯನವರು ಎರಡೂ ಭಾಷೆಗಳಲ್ಲಿ ಹಾಡಿದವರು. ಶಿರಾದ ಮಲಿಕ್ ರಿಹಾನ್ ದರ್ಗಾದ ಸುತ್ತಮುತ್ತ ದಖನಿ, ಕೆಜಿಎಫ್‌ನಲ್ಲಿ ತಮಿಳು. ಯಾವ ಭಾಷೆಯಲ್ಲಿ ಪ್ರಾರ್ಥಿಸುತ್ತಾರೋ ಅದೇ ಭಾಷೆಯಲ್ಲಿ ಹೇಳಲಿ.

ದೊಡ್ಡ ಮಠಗಳಲ್ಲೂ ಮಾಡಬೇಕಾದ ಕೆಲಸವಿದೆ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ (1907–2019) ಚಿತ್ರ, ಭಾಷಣ ಬೇಕಾದಷ್ಟು ಉಳಿದಿವೆ. ಆದರೆ ಐವತ್ತು ಅರವತ್ತರ ದಶಕದಲ್ಲಿ ಅಲ್ಲಿ ಉಂಡು ಓದಿದ ಹುಡುಗರಿಗೆ ಈಗ ಎಂಬತ್ತರ ಆಸುಪಾಸು. ಬೆಳಗಿನ ಪ್ರಾರ್ಥನೆ, ಪಂಕ್ತಿಯ ಊಟ, ಮನೆಯ ನೆನಪಾಗಿ ಅತ್ತ ರಾತ್ರಿಗಳು ಅವರ ಎದೆಯಲ್ಲಿವೆ. ನಿಮ್ಮ ಬೀದಿಯಲ್ಲೇ ಅಂಥ ಒಬ್ಬರು ನಿವೃತ್ತ ಮೇಷ್ಟ್ರು ಇರಬಹುದು, ವಿಚಾರಿಸಿ.

ಟ್ರಂಕಿನಲ್ಲಿರುವ ಕಾಗದ

ಇನ್ನು ಕಾಗದಪತ್ರ. ವಂತಿಗೆ ಪಟ್ಟಿ, ರಸೀದಿ ಪುಸ್ತಕ, ಉತ್ಸವದ ಆಹ್ವಾನ ಪತ್ರಿಕೆ, ದಾನಪತ್ರದ ನಕಲು, ಗೋಡೆಯ ಮೇಲಿನ ಫೋಟೊ. ಹಳೆಯ ವಂತಿಗೆ ಪಟ್ಟಿಯೊಂದರಲ್ಲಿ ಊರಿನಲ್ಲಿ ಯಾವ ಯಾವ ಮನೆತನಗಳಿದ್ದವು, ಯಾರು ದುಡ್ಡು ಕೊಟ್ಟರು, ಯಾರು ರಾಗಿ ಕೊಟ್ಟರು ಎಂಬುದೆಲ್ಲ ಇರುತ್ತದೆ. ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಕೆಜಿಎಫ್‌ನ ಎಷ್ಟೋ ಕುಟುಂಬಗಳು ಚದುರಿಹೋದವು. ಅವರ ಅಜ್ಜ ಮುತ್ತಜ್ಜರ ಹೆಸರು ಹುಡುಕಲು ಉಳಿದ ದಾರಿಗಳಲ್ಲಿ ಚರ್ಚಿನ ಜ್ಞಾನಸ್ನಾನ ಮತ್ತು ಮದುವೆಯ ರಿಜಿಸ್ಟರ್‌ಗಳೂ ಸೇರಿವೆ.

ಪುಸ್ತಕವನ್ನು ಕಿಟಕಿಯ ಬೆಳಕಿನಲ್ಲಿ ಮೇಜಿನ ಮೇಲಿಡಿ, ನೇರ ಬಿಸಿಲು ಬೇಡ, ಫ್ಲಾಶ್ ಬೇಡವೇ ಬೇಡ. ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಹಾಳೆಗೆ ಸಮಾನಾಂತರವಾಗಿ ನಿಲ್ಲಿಸಿ. ಮುಖಪುಟದಿಂದ ಕೊನೆಯ ಪುಟದವರೆಗೆ, ಖಾಲಿ ಪುಟವನ್ನೂ ಬಿಡದೆ ತೆಗೆಯಿರಿ. ಮೊದಲ ಚಿತ್ರದಲ್ಲಿ ಪಕ್ಕಕ್ಕೊಂದು ಅಡಿಪಟ್ಟಿ ಇರಲಿ, ಗಾತ್ರ ತಿಳಿಯುತ್ತದೆ. ಸ್ಕ್ಯಾನರ್ ಇದ್ದರೆ ದಾಖಲೆಗೆ 300 ಡಿಪಿಐ (ಚಿತ್ರದ ಸ್ಪಷ್ಟತೆಯ ಅಳತೆ), ಸಣ್ಣ ಫೋಟೊಗಳಿಗೆ 600.

ತಾಳೆಗರಿ ಕಟ್ಟು ಸಿಕ್ಕರೆ ಕೈ ಕಟ್ಟಿಕೊಂಡು ಕೂರಬೇಡಿ, ಹಾಗೆಂದು ಕೈ ಹಾಕಲೂ ಬೇಡಿ. ಅಂಟಿಕೊಂಡ ಗರಿಗಳನ್ನು ಎಳೆದು ಬಿಡಿಸುವುದು, ಎಣ್ಣೆ ಸವರುವುದು, ಮಸಿ ತಿಕ್ಕುವುದು ಬಲ್ಲವರ ಕೆಲಸ. ಕಟ್ಟನ್ನು ಹೊರಗಿನಿಂದ ಚಿತ್ರ ತೆಗೆದು, ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಣಗಿದ ಜಾಗದಲ್ಲಿಟ್ಟು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಸಂಸ್ಥೆಗೆ ಬರೆಯಿರಿ. 1891ರಲ್ಲಿ ಹುಟ್ಟಿದ ಆ ಸಂಸ್ಥೆಯ ಓಲೆಗರಿಗಳ ನಡುವೆಯೇ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿದ್ದು.

ಶಾಸನ, ವೀರಗಲ್ಲು

ಬಿ.ಎಲ್. ರೈಸ್ ಅವರು ಹೊರತಂದ ಶಾಸನಗಳ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟ ತುಮಕೂರು ಜಿಲ್ಲೆಯದು (1904), 10ನೇ ಸಂಪುಟ ಕೋಲಾರ ಜಿಲ್ಲೆಯದು (1905). ಚಿಕ್ಕಬಳ್ಳಾಪುರ 2007ರವರೆಗೆ ಕೋಲಾರಕ್ಕೇ ಸೇರಿದ್ದರಿಂದ ಅಲ್ಲಿನವರೂ 10ನೆಯದನ್ನೇ ನೋಡಬೇಕು. ಹಳೆಯ ಸಂಪುಟಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ನಿಮ್ಮ ತಾಲ್ಲೂಕಿನ ಭಾಗ ತೆಗೆದು ಊರಿನ ಹೆಸರು ಹುಡುಕಿ. ಅಲ್ಲಿ ಹೇಳಿದ ಕಲ್ಲು ಈಗಲೂ ಇದೆಯೇ, ಬಟ್ಟೆ ಒಗೆಯುವ ಚಪ್ಪಡಿಯಾಗಿದೆಯೇ, ಕಾಣೆಯಾಗಿದೆಯೇ ಎಂದು ಗುರುತು ಹಾಕುವುದೇ ದೊಡ್ಡ ಕೆಲಸ.

ಸವೆದ ಅಕ್ಷರ ಓದಲು ಒಂದು ಸರಳ ಉಪಾಯವಿದೆ. ಕತ್ತಲಾದ ಮೇಲೆ ಹೋಗಿ, ಕಲ್ಲನ್ನು ನೀರು ಮತ್ತು ಮೆತ್ತನೆಯ ಬ್ರಷ್‌ನಿಂದ ತೊಳೆಯಿರಿ. ಒಬ್ಬರು ಟಾರ್ಚನ್ನು ಕಲ್ಲಿನ ಅಂಚಿಗೆ ಒರಗಿಸಿದಂತೆ ಹಿಡಿದು ಬೆಳಕನ್ನು ಓರೆಯಾಗಿ ಹಾಯಿಸಲಿ. ಹಗಲಲ್ಲಿ ಬರೀ ಒರಟು ಮೇಲ್ಮೈಯಾಗಿ ಕಂಡದ್ದರಲ್ಲಿ ನೆರಳು ತುಂಬಿ ಸಾಲು ಸಾಲಾಗಿ ಅಕ್ಷರ ಎದ್ದುಬರುತ್ತದೆ. ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ ಬೆಳಕು ಬದಲಿಸಿ ನಾಲ್ಕು ಚಿತ್ರ ತೆಗೆಯಿರಿ. ಒಂದರಲ್ಲಿ ಕಾಣದ ಒತ್ತಕ್ಷರ ಇನ್ನೊಂದರಲ್ಲಿ ಕಾಣುತ್ತದೆ. ಸುಣ್ಣ, ಪೇಂಟು, ಎಣ್ಣೆ ಹಚ್ಚಬೇಡಿ. ತಂತಿ ಬ್ರಷ್ ಮುಟ್ಟಿಸಬೇಡಿ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸಿದ್ದಾರೆ. ಅಂಥ ಯಂತ್ರ ನಿಮ್ಮಲ್ಲಿಲ್ಲದಿದ್ದರೂ ಈ ನಾಲ್ಕು ಚಿತ್ರ ಓದುವವರಿಗೆ ದೊಡ್ಡ ನೆರವು.

ವಿಗ್ರಹಗಳನ್ನು ಅರ್ಚಕರ ಒಪ್ಪಿಗೆಯಿಂದ ಮುಂದೆ, ಹಿಂದೆ, ಪಕ್ಕ ಎಲ್ಲ ಕಡೆಯಿಂದ ಅಳತೆ ಸಮೇತ ತೆಗೆದಿಡಿ. ಕಳವಾದರೆ "ಇದು ನಮ್ಮೂರದೇ" ಎಂದು ಸಾಬೀತು ಮಾಡಲು ಬೇಕಾಗುತ್ತದೆ. ಒಡವೆಗಳ ಚಿತ್ರ ಮಾತ್ರ ಯಾವ ಗ್ರೂಪಿಗೂ ಹೋಗಬಾರದು.

ಕ್ಯಾಸೆಟ್ಟುಗಳಿಗೆ ಆತುರಪಡಿ

ಎಂಬತ್ತು ತೊಂಬತ್ತರ ದಶಕದ ಭಜನೆ, ಹರಿಕಥೆ, ಕವ್ವಾಲಿ, ನಾಟಕದ ಕ್ಯಾಸೆಟ್ಟುಗಳು ಮೂಲೆಯಲ್ಲಿ ಧೂಳು ಹಿಡಿದು ಕೂತಿವೆ. ಓಡುವ ಟೇಪ್‌ರೆಕಾರ್ಡರ್ ಒಂದನ್ನು ಹುಡುಕಿ, ಹೆಡ್ ಒರೆಸಿ, ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ತಂತಿ ಎಳೆದು ಅಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಇಳಿಸಿಕೊಳ್ಳಿ. ಬೂಷ್ಟು ಕಂಡರೆ ಓಡಿಸಬೇಡಿ, ಬಲ್ಲವರಿಗೆ ಕೊಡಿ.

ಹೆಸರಿಲ್ಲದ ಕಡತ ಇದ್ದೂ ಇಲ್ಲದಂತೆ

ಅರ್ಧ ಜನ ಸೋಲುವುದು ಇಲ್ಲೇ. ಮೊಬೈಲ್ ತಾನೇ ಕೊಟ್ಟ ಅಂಕಿಗಳ ಹೆಸರಿನಲ್ಲೇ ನೂರಾರು ಫೋಟೊ ಬಿದ್ದಿರುತ್ತವೆ, ಎರಡು ವರ್ಷದ ನಂತರ ಯಾರು ಯಾರೆಂದು ತೆಗೆದವರಿಗೂ ತಿಳಿಯದು. ಅವತ್ತಿನ ಕೆಲಸಕ್ಕೆ ಅವತ್ತೇ ಹೆಸರಿಡಿ: "2025-03-14_ಶಿರಾ_ಜುಂಜಪ್ಪ_ಗಣೆ_01" ಹೀಗೆ. ಜತೆಗೊಂದು ಎಕ್ಸೆಲ್ ಹಾಳೆ ಅಥವಾ ರೂಲ್ಡ್ ನೋಟ್‌ಬುಕ್. ಅದರಲ್ಲಿ ಕಡತದ ಹೆಸರು, ಎಲ್ಲಿ, ಯಾವಾಗ, ಯಾರು, ಏನು, ಯಾರ ಒಪ್ಪಿಗೆ, ಹೊರಗೆ ಹಂಚಬಹುದೇ ಎಂಬ ಕಾಲಂಗಳು. ಹಳೇ ಗುಂಪು ಫೋಟೊವಿದ್ದರೆ ಹಿರಿಯರನ್ನು ಕೂರಿಸಿಕೊಂಡು ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರನ್ನೂ ಬರೆಸಿಕೊಳ್ಳಿ.

ಬರೆದದ್ದೆಲ್ಲ ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಅಕ್ಷರ ಸಂಕೇತದಲ್ಲಿರಲಿ. ಡಿಟಿಪಿ ಅಂಗಡಿಯ ಹಳೇ ನುಡಿ, ಶ್ರೀಲಿಪಿ ಅಕ್ಷರಗಳಲ್ಲಿ ಮಾಡಿಸಿದ ಸ್ಥಳಪುರಾಣವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಗೀಚಿದಂತೆ ಕಾಣುತ್ತದೆ, ಹುಡುಕಲೂ ಬಾರದು. ಪರಿವರ್ತಕ ತಂತ್ರಾಂಶಗಳಿವೆ, ಬಳಸಿ. ಮಾತನ್ನು ಅಕ್ಷರಕ್ಕಿಳಿಸುವ ಎಐ ಸಾಧನಗಳು ಈಗ ಕನ್ನಡಕ್ಕೂ ಬಂದಿವೆ, ಮೊದಲ ಕರಡಿಗೆ ಉಪಯೋಗ. ಆದರೆ ದೇವರ ಹೆಸರು, ಕುಲದ ಹೆಸರು, ಊರಮಾತು ಅವಕ್ಕೆ ತಪ್ಪುತ್ತದೆ. ಊರಿನವರೊಬ್ಬರು ಕೇಳಿಸಿಕೊಂಡು ತಿದ್ದದ ಹೊರತು ಅದನ್ನು ದಾಖಲೆ ಎನ್ನಬೇಡಿ.

ಎಲ್ಲಿಡುವುದು, ಯಾರಿಗೆ ತೋರಿಸುವುದು

ಮೂರು ಪ್ರತಿ ಇರಲಿ. ಒಂದು ಹಾರ್ಡ್‌ಡಿಸ್ಕ್ ಗುಡಿಯ ಕಚೇರಿಯಲ್ಲಿ, ಇನ್ನೊಂದು ಬೇರೆ ಊರಿನ ನಂಬಿಕಸ್ತರ ಮನೆಯಲ್ಲಿ, ಮೂರನೆಯದು ಕ್ಲೌಡ್‌ನಲ್ಲಿ, ಅಂದರೆ ಗೂಗಲ್ ಡ್ರೈವ್‌ನಂಥ ಆನ್‌ಲೈನ್ ಜಾಗದಲ್ಲಿ. ವಾಟ್ಸ್‌ಆ್ಯಪ್ ಗ್ರೂಪ್ ಪ್ರತಿಯಲ್ಲ. ಅದು ಫೋಟೊವನ್ನು ಕುಗ್ಗಿಸುತ್ತದೆ. ಕಳಿಸಲೇಬೇಕಾದರೆ "ಡಾಕ್ಯುಮೆಂಟ್" ಎಂದು ಆರಿಸಿ ಕಳಿಸಿ. ಗೂಗಲ್‌ನಲ್ಲಿ 15 ಜಿ.ಬಿ. ಉಚಿತ, ಆದರೆ ಎರಡು ವರ್ಷ ಮುಟ್ಟದ ವೈಯಕ್ತಿಕ ಖಾತೆಯನ್ನು ಅಳಿಸುವ ನಿಯಮ ಅವರಲ್ಲಿದೆ. ಹಾಗಾಗಿ ಯಾರೋ ಒಬ್ಬ ಹುಡುಗನ ಸ್ವಂತ ಖಾತೆಯಲ್ಲಿ ಊರಿನ ನೆನಪನ್ನು ಇಡಬೇಡಿ, ಗುಡಿಯ ಸಮಿತಿಯ ಹೆಸರಿನಲ್ಲಿ ಖಾತೆ ತೆರೆಯಿರಿ.

ಎಲ್ಲವನ್ನೂ ಲೋಕಕ್ಕೆ ತೆರೆದಿಡಬೇಕಿಲ್ಲ. ಹಾಡು, ಶಾಸನ, ಜಾತ್ರೆಯ ಚಿತ್ರಗಳಿಗೆ ಇಂಟರ್‌ನೆಟ್ ಆರ್ಕೈವ್, ವಿಕಿಮೀಡಿಯಾ ಕಾಮನ್ಸ್ ಒಳ್ಳೆಯ ಜಾಗ. ಮದುವೆ, ಜ್ಞಾನಸ್ನಾನದ ರಿಜಿಸ್ಟರ್, ಜನರ ವಿಳಾಸ, ಆಸ್ತಿ ಪತ್ರ, ಮನೆತನದ ಜಗಳದ ಮಾತು ಸಮಿತಿಯ ಡಿಸ್ಕಿನಲ್ಲೇ ಇರಲಿ. ಹಾಡಿದವರ ಹೆಸರಿಲ್ಲದೆ ಅವರ ಹಾಡನ್ನು ಯೂಟ್ಯೂಬ್‌ಗೆ ಹಾಕುವುದು ಅನ್ಯಾಯ. ಹಾಕುವ ಮುಂಚೆ ಅವರಿಗೆ ಕೇಳಿಸಿ, ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ಅವರ ಮನೆಗೆ ಕೊಟ್ಟು ಬನ್ನಿ.

ಉಸ್ತುವಾರಿಗೆ ಇಬ್ಬರು ಬೇಕು, ಒಬ್ಬರು ಮೂವತ್ತರ ಒಳಗಿನವರು. ಜಾತ್ರೆಯ ಲೆಕ್ಕ ಒಪ್ಪಿಸುವ ಸಭೆಯಲ್ಲೇ ಪ್ರತಿವರ್ಷ ಎರಡೂ ಡಿಸ್ಕ್ ತಂದು ಎಲ್ಲರ ಮುಂದೆ ತೆರೆದು, ನಾಲ್ಕಾರು ಕಡತ ಓಡಿಸಿ ನೋಡಿ. ಡಿಸ್ಕ್ ಸದ್ದು ಮಾಡುತ್ತಿದ್ದರೆ ಅಥವಾ ನಾಲ್ಕೈದು ವರ್ಷ ಹಳತಾಗಿದ್ದರೆ ಹೊಸದಕ್ಕೆ ಹಾಕಿಸಿ, ಖರ್ಚನ್ನು ಜಾತ್ರೆಯ ಲೆಕ್ಕದಲ್ಲೇ ಬರೆಯಿರಿ. ಖಾತೆಯ ಪಾಸ್‌ವರ್ಡನ್ನು ಮುಚ್ಚಿದ ಲಕೋಟೆಯಲ್ಲಿ ಹಾಕಿ ಹುಂಡಿಯ ಬೀಗದ ಕೈ ಇಡುವ ಬೀರುವಿನಲ್ಲಿಡಿ. ಸಮಿತಿ ಬದಲಾದ ದಿನ ಬೀಗದ ಕೈ ಜತೆ ಅದನ್ನೂ ಸಹಿ ಹಾಕಿಸಿಕೊಂಡು ಒಪ್ಪಿಸಿ.